ಬದಿಯಡ್ಕದ ಎಣ್ಣೆ ಮಿಲ್ಲಿನ ಅಣ್ಣನಿಗೆ

ಸೋಮವಾರ ಮಗಳಿಗೆ ವಿಜ್ಞಾನ ಪರೀಕ್ಷೆ. ದ್ರವ್ಯರಾಶಿ, ಗಾತ್ರ, ಸಾಂದ್ರತೆ ಯಾವುದೂ ತಲೆಗೆ ಹೋಗಿರಲಿಲ್ಲ. ನನಗೂ ಅಷ್ಟೇ ಬಿಡಿ. ಶನಿವಾರ ಮಿಲ್ಲಿನಲ್ಲಿ ಒಂದು ಲೀಟರ್ ತೆಂಗಿನೆಣ್ಣೆ ತೆಗೆದುಕೊಂಡು, ಸುಮ್ನೆ ತೂಗಿಸಿದೆ. ಬಾಟಲಿ ತೂಕ ಕಳೆದು 920 ಗ್ರಾಂ! "ಉಳಿದ 80 ಗ್ರಾಂ ಎಲ್ಲಿ?" ಎಂದು ಜಗಳಕ್ಕೇ ನಿಂತೆ.

ಅಣ್ಣ ಸಿಟ್ಟಾಗಲಿಲ್ಲ. ಬೈರಾಸಿಗೆ ಕೈ ಒರೆಸಿಕೊಂಡು, ಅಂಥದ್ದೇ ಖಾಲಿ ಬಾಟಲಿ ಇಟ್ಟು ತಕ್ಕಡಿಯನ್ನು ಸೊನ್ನೆ ಮಾಡಿದರು. ಅದೇ ಗೆರೆವರೆಗೆ ನೀರು ತುಂಬಿಸಿ, ಹೊರಗಿನ ಹನಿಗಳನ್ನೂ ಒರೆಸಿದರು. ಹತ್ತಿರ ಹತ್ತಿರ 1000 ಗ್ರಾಂ.

"ಜಾಗ ಅಷ್ಟೇ, ತೂಕ ಬೇರೆ. ನೋಡು ಮಗಾ" ಎಂದು ಚಹಾದ ಗ್ಲಾಸಿನ ನೀರಿಗೆ ಸ್ವಲ್ಪ ಎಣ್ಣೆ ಬಿಟ್ಟರು. ಎಣ್ಣೆ ಮೇಲೆ ಬಂದು ಕೂತಿತು.

ಮಗಳು ಬೆರಳಲ್ಲೇ ಲೆಕ್ಕ ಹಾಕಿದಳು: "ತೂಕ ಭಾಗ ಜಾಗ, ಅಂದ್ರೆ 920 ಗ್ರಾಂ ಭಾಗ 1000 ಮಿಲಿಲೀಟರ್. ಸಾಂದ್ರತೆ 0.92, ಅಲ್ವಾ ಅಮ್ಮಾ?" ನನಗೆ ಉಸಿರು ಬಂತು. ನಾಚಿಕೆಯೂ ಆಯ್ತು.

ಹಿಂದೆ ಕೊಬ್ಬರಿ ಚೀಲ ಹಿಡಿದು ಮೂವರು ಕಾಯುತ್ತಿದ್ದರು. ಆ ಎಣ್ಣೆಗೂ ದುಡ್ಡು ಕೊಡಹೋದರೆ, ಮೇಲಿನದ್ದನ್ನು ಮಗಳ ಅಂಗೈಗೆ ಬಗ್ಗಿಸಿ, "ತಲೆಗೆ ಹಚ್ಚಿಕೊಳ್ಳಲಿ ಅಕ್ಕಾ" ಎಂದರು. ಹೆಸರು ಕೇಳಲು ಮರೆತೆ. ಥ್ಯಾಂಕ್ಸ್ ಅಣ್ಣಾ.