ಆಲಿಸ್ ಎಲ್ಗರ್‌ಗೆ ಅರ್ಧ ಸಾಲು ಸಾಲದು

ಮಾನ್ಯ ಸಂಪಾದಕರೇ,

ತಮ್ಮ ಭಾನುವಾರದ ಪುರವಣಿಯಲ್ಲಿ ಇಂಗ್ಲೆಂಡಿನ ಸಂಗೀತ ಸಂಯೋಜಕ ಎಡ್ವರ್ಡ್ ಎಲ್ಗರ್ ಅವರನ್ನು ಕುರಿತ ಲೇಖನ ಓದಿದೆ. ಪಾಶ್ಚಾತ್ಯ ಸಂಗೀತದ ಬಗ್ಗೆ ಕನ್ನಡದಲ್ಲಿ ಬರುವ ಬರಹಗಳೇ ಅಪರೂಪ. ಅದಕ್ಕಾಗಿ ಲೇಖಕರಿಗೆ ಕೃತಜ್ಞತೆ ಸಲ್ಲಬೇಕು. ಆದರೆ ಎಲ್ಗರ್ ಅವರ ಪತ್ನಿ ಆಲಿಸ್ ಅವರನ್ನು ಗಂಡನ ಏಳಿಗೆಗೆ ನೆರವಾದ ಗೃಹಿಣಿ ಎಂದಷ್ಟೇ ಹೇಳಿ ಅರ್ಧ ಸಾಲಿನಲ್ಲಿ ಮುಗಿಸಿದ್ದು ಸರಿಯೆನಿಸಲಿಲ್ಲ.

ಕ್ಯಾರೊಲಿನ್ ಆಲಿಸ್ ರಾಬರ್ಟ್ಸ್ ಹುಟ್ಟಿದ್ದು 1848ರಲ್ಲಿ, ಈಗಿನ ಗುಜರಾತಿನ ಭುಜ್‌ನಲ್ಲಿ. ತಂದೆ ಭಾರತದಲ್ಲಿದ್ದ ಬ್ರಿಟಿಷ್ ಸೇನೆಯ ಹಿರಿಯ ಅಧಿಕಾರಿ. ಬ್ರಸೆಲ್ಸ್‌ನಲ್ಲಿ ಫರ್ಡಿನಾಂಡ್ ಕುಫೆರಾಟ್ ಅವರಿಂದ ಪಿಯಾನೊ ಕಲಿತು, ಯುರೋಪಿನ ಹಲವು ಭಾಷೆಗಳನ್ನು ಬಲ್ಲವರಾಗಿ, ಕಾವ್ಯವನ್ನೂ ಕಾದಂಬರಿಯನ್ನೂ ಪ್ರಕಟಿಸಿದ್ದ ಆಕೆ, ಪಿಟೀಲಿಗೆ ಪಿಯಾನೊ ಸಾಥ್ ಕೊಡುವುದನ್ನು ಕಲಿಯಲೆಂದು 1886ರಲ್ಲಿ ಎಲ್ಗರ್ ಅವರ ಶಿಷ್ಯೆಯಾದರು. ಎಲ್ಗರ್ ಆಗ ವೂಸ್ಟರ್ ಊರಿನಲ್ಲಿ ಸಂಗೀತದ ಅಂಗಡಿ ಇಟ್ಟಿದ್ದವರ ಮಗ, ಆಕೆಗಿಂತ ಎಂಟು ವರ್ಷಕ್ಕೂ ಹೆಚ್ಚು ಚಿಕ್ಕವರು, ಮೇಲಾಗಿ ಕ್ಯಾಥೊಲಿಕರು. ಬಂಧುಗಳ ವಿರೋಧದ ನಡುವೆಯೇ 1889ರಲ್ಲಿ ಮದುವೆ ನಡೆಯಿತು. ನಿಶ್ಚಯದ ಹೊತ್ತಿಗೆ ಆಕೆ ಕೊಟ್ಟದ್ದು ಒಂದು ಕವಿತೆ. ಎಲ್ಗರ್ ಮರಳಿ ಕೊಟ್ಟದ್ದು ಇಂದಿಗೂ ಜನ ಗುನುಗುವ ‘ಸಾಲೂ ದಾಮೂರ್’ (ಪ್ರೇಮದ ವಂದನೆ) ಎಂಬ ಪುಟ್ಟ ವಾದ್ಯಕೃತಿ.

ಆಕೆಯ ಸಾಹಿತ್ಯಕ್ಕೆ ಎಲ್ಗರ್ ಹಲವು ಸಲ ರಾಗ ಹಾಕಿದ್ದಾರೆ. ‘ದಿ ಸ್ನೋ’ ಎಂಬ ವೃಂದಗೀತೆಯ ಪದಗಳು ಆಕೆಯವು. 1899ರಲ್ಲಿ ನಾರ್ವಿಚ್ ಸಂಗೀತೋತ್ಸವದಲ್ಲಿ ಗಾಯಕಿ ಕ್ಲಾರಾ ಬಟ್ ಹಾಡಿದ ‘ಸೀ ಪಿಕ್ಚರ್ಸ್’ ಎಂಬ ಐದು ಹಾಡುಗಳ ಗುಚ್ಛದಲ್ಲಿ ಎರಡನೆಯದು ಆಲಿಸ್ ಅವರದು. ಆ ಪದ್ಯಗಳನ್ನು ಶ್ರೇಷ್ಠ ಕಾವ್ಯವೆಂದು ನಾನು ವಾದಿಸುವುದಿಲ್ಲ. ಹಾಡಿಗೆ ಒದಗುವ ಸರಳ ಪದ್ಯಗಳು, ಅಷ್ಟೆ. ಆಕೆಯ ದೊಡ್ಡ ಕೊಡುಗೆ ಇದ್ದದ್ದು ಕಿವಿಯಲ್ಲಿ. 1898ರ ಒಂದು ಸಂಜೆ ಪಾಠ ಹೇಳಿ ದಣಿದು ಬಂದ ಎಲ್ಗರ್ ಪಿಯಾನೊ ಮುಂದೆ ಕುಳಿತು ಸುಮ್ಮನೆ ಏನೋ ನುಡಿಸುತ್ತಿದ್ದಾಗ, ಅದು ಚೆನ್ನಾಗಿದೆ, ಏನದು ಎಂದು ಆಲಿಸ್ ವಿಚಾರಿಸಿದರು. ಎಲ್ಗರ್‌ಗೆ ಹೆಸರು ತಂದ, ಒಂದೇ ಧಾಟಿಯನ್ನು ಬಗೆಬಗೆಯಾಗಿ ಬೆಳೆಸುವ ವಾದ್ಯವೃಂದದ ಕೃತಿ ‘ಎನಿಗ್ಮಾ ವೇರಿಯೇಶನ್ಸ್’ ಮೊಳೆತದ್ದು ಅದರಿಂದ. ಆ ಕೃತಿಯ ಮೊದಲ ವೇರಿಯೇಶನ್‌ಗೆ ಆಲಿಸ್ ಹೆಸರಿನ ಮೊದಲಕ್ಷರಗಳನ್ನೇ ಇಟ್ಟಿದ್ದಾರೆ. ಪಿಟೀಲು ವಾದಕ ಮಿತ್ರ ಡಬ್ಲ್ಯು. ಎಚ್. ರೀಡ್ ಇನ್ನೊಂದು ಪ್ರಸಂಗ ಬರೆದಿಟ್ಟಿದ್ದಾರೆ. ಅಂದು ಬರೆದದ್ದನ್ನು ರಾತ್ರಿ ಎಲ್ಗರ್ ನುಡಿಸಿ ತೋರಿಸಿದಾಗ ಆಕೆ ಮೆಚ್ಚಿ ತಲೆದೂಗಿದರು, ಒಂದು ಕಡೆ ಮಾತ್ರ ಬಿಗಿಯಾಗಿ ಕುಳಿತರು. ಬೆಳಗಾಗುತ್ತಲೇ ಅವರು ಎದ್ದು ನೋಡಿದರೆ ಆ ಜಾಗಕ್ಕೆ ಚೀಟಿಯೊಂದನ್ನು ಪಿನ್ನಿನಿಂದ ಚುಚ್ಚಿಟ್ಟಿತ್ತು: ಉಳಿದದ್ದೆಲ್ಲ ಸೊಗಸಾಗಿದೆ, ಈ ಮುಕ್ತಾಯ ಮಾತ್ರ ಸ್ವಲ್ಪ ಹೇಗೋ ಇದೆಯಲ್ಲವೇ ಎಂದು. ಎಲ್ಗರ್ ಅದನ್ನು ಹೊಡೆದುಹಾಕಿದರು. ಹಣದ ಮುಗ್ಗಟ್ಟಿದ್ದ ವರ್ಷಗಳಲ್ಲಿ ಖಾಲಿ ಹಾಳೆಗಳ ಮೇಲೆ ಸ್ವರಲಿಪಿಯ ಗೆರೆ ಹಾಕಿಕೊಟ್ಟವರೂ ಆಕೆಯೇ.

ಆಲಿಸ್ ತೀರಿಕೊಂಡದ್ದು 1920ರಲ್ಲಿ. ಆನಂತರ ಹದಿನಾಲ್ಕು ವರ್ಷ ಬದುಕಿದ್ದ ಎಲ್ಗರ್ ಅವರಿಂದ, 1919ರ ಚೆಲ್ಲೊ ಕನ್ಸರ್ಟೊಗೆ (ಚೆಲ್ಲೊ ಎಂಬ ತಂತಿವಾದ್ಯಕ್ಕೂ ವಾದ್ಯವೃಂದಕ್ಕೂ ಬರೆದ ಕೃತಿಗೆ) ಸಮನಾದ ದೊಡ್ಡ ಕೃತಿ ಮತ್ತೆ ಪೂರ್ಣಗೊಳ್ಳಲಿಲ್ಲ. ಮೂರನೆಯ ಸಿಂಫನಿ ಕರಡಾಗಿಯೇ ಉಳಿಯಿತು. ಮೊದಲ ಮಹಾಯುದ್ಧದ ತರುವಾಯ ಕೇಳುಗರ ಅಭಿರುಚಿ ಬದಲಾದದ್ದೂ ಇದಕ್ಕೆ ಕಾರಣವಿರಬಹುದು. ಆದರೂ ಸಂಯೋಜಕರ ಬದುಕನ್ನು ಹೇಳುವ ಲೇಖನ ಇದನ್ನು ಗಮನಿಸದೆ ಹೋಗಬಾರದಿತ್ತು.

ದೂರದ ಇಂಗ್ಲೆಂಡಿನ ಮಾತು ಧಾರವಾಡದವರಿಗೇಕೆ ಎನ್ನುವಂತಿಲ್ಲ. ಗಂಗೂಬಾಯಿ ಹಾನಗಲ್ ಅವರ ಗಾಯನದಲ್ಲಿ ಮಗಳು ಕೃಷ್ಣಾ ಅವರ ಕಂಠದ ಸಾಥ್ ಎಷ್ಟು ಬೆರೆತಿತ್ತೆಂಬುದನ್ನು ಹುಬ್ಬಳ್ಳಿಯ ಹಿರಿಯ ಕೇಳುಗರು ಬಲ್ಲರು. ವಚನಕ್ಕಾದರೆ ಅಂಕಿತವಿರುತ್ತದೆ, ವಚನಕಾರರ ಗುರುತು ಹಾಡಿನೊಳಗೇ ಉಳಿಯುತ್ತದೆ. ಭಾವಗೀತೆಗೆ ಆ ಅನುಕೂಲವಿಲ್ಲ. ಆಕಾಶವಾಣಿಯಲ್ಲಿ ಸುಗಮ ಸಂಗೀತ ಬಿತ್ತರವಾಗುವಾಗ ರಚನೆ ಯಾರದು, ರಾಗ ಸಂಯೋಜನೆ ಯಾರದು ಎಂದು ಹೇಳುವ ಪದ್ಧತಿ ಇದೆ. ಮರುದಿನದ ಪತ್ರಿಕಾ ವರದಿಗಳಲ್ಲಿ ಮಾತ್ರ ಹಾಡಿದವರ ಹೆಸರಷ್ಟೇ ಇರುತ್ತದೆ. ಕವಿಯೂ ಇರುವುದಿಲ್ಲ, ಪೇಟಿ ಮಾಸ್ತರರೂ ಇರುವುದಿಲ್ಲ, ಹಿಂದೆ ಕುಳಿತು ತಂಬೂರಿ ಮೀಟುತ್ತ ದನಿಗೂಡಿಸಿದ ಹೆಣ್ಣುಮಗಳಂತೂ ಫೋಟೊದಲ್ಲೇ ಕತ್ತರಿಸಿ ಹೋಗಿರುತ್ತಾಳೆ.

ಆದ್ದರಿಂದ ಆಲಿಸ್ ಅವರನ್ನು ಕುರಿತು ಪ್ರತ್ಯೇಕ ಲೇಖನವೊಂದನ್ನು ಪ್ರಕಟಿಸಬೇಕೆಂದೂ, ಅವಳಿ ನಗರದ ಸಂಗೀತ ಕಾರ್ಯಕ್ರಮಗಳ ವರದಿಗಳಲ್ಲಿ ಗೀತೆ ಬರೆದವರ ಹಾಗೂ ಸಾಥ್ ನೀಡಿದವರ ಹೆಸರು ಕಡ್ಡಾಯವಾಗಿ ಬರುವಂತೆ ವರದಿಗಾರರಿಗೆ ಸೂಚಿಸಬೇಕೆಂದೂ ವಿನಂತಿಸುತ್ತೇನೆ. ಸ್ಥಳಾಭಾವದ ತೊಂದರೆ ಇದ್ದಲ್ಲಿ, ವೇದಿಕೆಯ ಮೇಲೆ ಉಪಸ್ಥಿತರಿದ್ದ ಗಣ್ಯರ ಪಟ್ಟಿಯಿಂದ ಒಂದಿಬ್ಬರನ್ನು ಕೈಬಿಡಬಹುದು.

ಇಂತಿ ತಮ್ಮ ವಿಶ್ವಾಸಿ,
ಸಂಗೀತಾಸಕ್ತ ಓದುಗ, ಮಾಳಮಡ್ಡಿ, ಧಾರವಾಡ