ಡಾ. ಗಲಾಟೆ ಇರ್ಲಿ, ಬೋರ್ಡ್ ಹಿಂದೆ ಇರೋರು ಯಾರು?

ಮಾನ್ಯ ಸಂಪಾದಕರೇ,

ಫಿಸಿಯೋಥೆರಪಿಸ್ಟ್‌ಗಳು ಹೆಸರಿನ ಮುಂದೆ ಡಾ. ಹಾಕ್ಕೋಬಾರ್ದು ಅಂತ 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರದಿಂದ ಪತ್ರ ಬಂತು, ಒಂದೆರಡು ದಿನದಲ್ಲೇ ವಾಪಸ್ಸೂ ಆಯ್ತು, ಆಗಿಂದ ಫಿಸಿಯೋ ಅಂದ್ರೆ ಅದೊಂದೇ ಜಗಳ. ಪೇಷೆಂಟ್‌ಗಳ ಪಾಡು ಬೇರೇನೇ ಇದೆ ಸ್ವಾಮಿ.

ಮೂಡಿಗೆರೆ ಹತ್ರ ನಂದೊಂದು ಚಿಕ್ಕ ತೋಟ. ಮೆಣಸು ಕುಯ್ಯುವಾಗ ಏಣಿ ಜಾರಿ ಬಲಗೈ ಮಣಿಕಟ್ಟು ಮುರೀತು, ಪ್ಲಾಸ್ಟರ್ ಬಿಚ್ಚಿದ ಮೇಲೆ ನೋಡಿದ್ರೆ ಭುಜಾನೇ ಏಳ್ತಿಲ್ಲ. ಫಿಸಿಯೋಥೆರಪಿ ಅಂತ ಬೋರ್ಡ್ ಇದ್ದ ಒಂದು ಕಡೆ ಹೋದೆ, ಹದಿನೈದು ದಿನ ಕರೆಂಟ್ ಇಟ್ರು, ಎಣ್ಣೆ ತಿಕ್ಕಿದ್ರು, ದುಡ್ಡು ತಗೊಂಡ್ರು, ಕೈ ಮಾತ್ರ ಇದ್ದಲ್ಲೇ. ಆ ಪುಣ್ಯಾತ್ಮ ಕಲ್ತಿದ್ದು ಎರಡು ತಿಂಗಳ ಮಸಾಜ್ ಅಂತ ಆಮೇಲೆ ಗೊತ್ತಾಯ್ತು. ಕೊನೆಗೆ ಚಿಕ್ಕಮಗಳೂರಲ್ಲಿ ಬಿಪಿಟಿ, ಅಂದ್ರೆ ಫಿಸಿಯೋಥೆರಪಿ ಡಿಗ್ರಿ, ಓದಿದ ಹುಡುಗಿ ಒಬ್ರು ಮೆಷಿನ್ ಮುಟ್ಟದೆ ನನ್ನನ್ನ ಗೋಡೆ ಮುಂದೆ ನಿಲ್ಸಿ, ಬೆರಳನ್ನ ಹಲ್ಲಿ ಥರ ಮೇಲಕ್ಕೆ ಹತ್ತಿಸಿ, ಮುಟ್ಟಿದಲ್ಲಿಗೆ ದಿನಾ ಪೆನ್ಸಿಲ್ ಗೀಟು ಹಾಕಿ ಅಂದ್ರು. ಮೂರು ತಿಂಗಳಿಗೆ ಗೀಟು ಕ್ಯಾಲೆಂಡರ್ ಮೊಳೆ ದಾಟ್ತು. (ನಡುಮನೆ ಗೋಡೆ ಹಾಳಾಯ್ತು ಅಂತ ಮನೆಯವಳು ಇನ್ನೂ ಬೈತಾಳೆ.)

ನಿಮಗೊಂದು ಸಂಘ ಗಿಂಘ ಇಲ್ವೇನಮ್ಮ ಅಂತ ಕೇಳ್ದೆ. ಇದೆಯಂತೆ, ಅದೂ 1955ರಿಂದ, ಇಂಡಿಯನ್ ಅಸೋಸಿಯೇಷನ್ ಆಫ್ ಫಿಸಿಯೋಥೆರಪಿಸ್ಟ್ಸ್. ಪೋಲಿಯೋ ಬಂದು ಮಕ್ಕಳ ಕಾಲು ಹೋಗ್ತಿದ್ದ ಕಾಲ ಅದು, ಮುಂಬೈಯಲ್ಲಿ ಈ ವಿದ್ಯೆ ಕಲಿಸೋಕೆ ಆಗಷ್ಟೇ ಶುರು ಮಾಡಿದ್ರು. 1967ರಲ್ಲಿ ಸಂಘ ಫಿಸಿಯೋಥೆರಪಿಸ್ಟ್‌ಗಳ ಜಾಗತಿಕ ಒಕ್ಕೂಟಕ್ಕೂ ಸೇರ್ತು. ಸಮ್ಮೇಳನ ಮಾಡ್ತಾರೆ, ಕಾನೂನು ಬೇಕು ಅಂತ ಸರ್ಕಾರದ ಹಿಂದೆ ಬಿದ್ದಿದ್ರು, ಎಲ್ಲ ಸರಿ. ಆದ್ರೆ ಸಂಘ ಅಂದ್ರೆ ಮೆಂಬರ್ ಆದೋರಿಗೆ ಮಾತ್ರ, ಮೆಂಬರೇ ಅಲ್ಲದೋನ ಬೋರ್ಡ್ ಕೀಳಿಸೋ ಅಧಿಕಾರ ಅದಕ್ಕೆಲ್ಲಿದೆ? ಆ ಕಾನೂನು ಬಂದಿದ್ದು 2021ರಲ್ಲಿ, ಅಂದ್ರೆ ಸಂಘ ಹುಟ್ಟಿ 66 ವರ್ಷಕ್ಕೆ! ರಾಜ್ಯಕ್ಕೊಂದು ಕೌನ್ಸಿಲ್, ಓದಿದೋರ ಹೆಸರಿನ ರಿಜಿಸ್ಟರ್ ಇರ್ಬೇಕು ಅಂತ ಅದರಲ್ಲಿದೆ.

ಆ ರಿಜಿಸ್ಟರ್‌ನಲ್ಲಿರೋ ನಮ್ಮ ಜಿಲ್ಲೆಯೋರ ಹೆಸರನ್ನ ಕನ್ನಡದಲ್ಲಿ ಬರೆದು ತಾಲ್ಲೂಕು ಆಸ್ಪತ್ರೆ ಚೀಟಿ ಕೌಂಟರ್ ಪಕ್ಕ ಅಂಟಿಸ್ಲಿ, ಸಂಘದೋರು ಮುಂದೆ ನಿಂತು ಅದನ್ನ ಮಾಡಿಸ್ಲಿ. ಡಾ. ಬೇಕಿದ್ರೆ ಆಮೇಲೆ ಹಾಕ್ಕೊಳ್ಳಿ, ನಮ್ಮದೇನೂ ತಕರಾರಿಲ್ಲ.

– ಒಬ್ಬ ಬೆಳೆಗಾರ, ಮೂಡಿಗೆರೆ ತಾಲ್ಲೂಕು