ಕಿಟಕಿಯ ಬಣ್ಣ ಕೆರೆದವಳಿಗೆ

ಸಾಗರ
ಶುಕ್ರವಾರ ರಾತ್ರಿ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದ ಬಂದು ನಾಲ್ಕು ದಿನವಾಯಿತು. ಸಂತೋಷದ ಸುದ್ದಿ, ವಾಂತಿ, ಹೊಸ ಬಾಡಿಗೆ ಮನೆ, ಎಲ್ಲವನ್ನೂ ನಿಮ್ಮಮ್ಮ ಫೋನಿನಲ್ಲಿ ಹೇಳಿದ್ದಳು. ಅದನ್ನೆಲ್ಲ ಬಿಡುತ್ತೇನೆ. ಸಹಿ ಹಾಕಿದ ಮೇಲೆ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, ಅದು ನನ್ನ ನಿದ್ದೆ ಕೆಡಿಸಿತು. ‘ಗೊತ್ತಿಲ್ಲದೆ ನಾನೇ ಮಗುವಿಗೆ ವಿಷ ಉಣಿಸಿಬಿಟ್ಟೆನಾ ದೊಡ್ಡಮ್ಮ?’

ಎರಡು ದಿನ ಕೂತು ಹಳೇ ಕಿಟಕಿಗಳ ಹಸಿರು ಬಣ್ಣವನ್ನು ಉಪ್ಪುಕಾಗದದಲ್ಲಿ ಉಜ್ಜಿದೆಯಂತೆ. ಮೂಗಿಗೆ ಬಟ್ಟೆಯನ್ನೂ ಕಟ್ಟಿರಲಿಲ್ಲವಂತೆ. ಹತ್ತು ದಿನ ಕಳೆದ ಮೇಲೆ ಬಸುರಿ ಅಂತ ಗೊತ್ತಾಯಿತಂತೆ.

‘ಏನೂ ಆಗಲ್ಲ, ಸುಮ್ನಿರು’ ಅಂತ ಬರೆಯೋಣ ಎಂದು ಕೂತೆ. ಕೈ ಬರಲಿಲ್ಲ. ಹಳೇ ಆಯಿಲ್ ಪೇಂಟಿನಲ್ಲಿ ಸೀಸ ಇರಬಹುದು. ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿಗೆ 90 ಪಾಲು, ದಾಟಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ನಿಮ್ಮ ಮನೆಗೆ ಮೂವತ್ತು ವರ್ಷ. ಆದರೆ ಬಣ್ಣದಲ್ಲಿ ಸೀಸ ಇರಬಹುದು ಅನ್ನೋದು ಬೇರೆ, ನಿನ್ನ ಮೈಗೆ ಎಷ್ಟು ಸೇರಿದೆ ಅನ್ನೋದು ಬೇರೆ. ಎರಡನೆಯದನ್ನು ರಕ್ತ ಪರೀಕ್ಷೆ ಮಾಡಿಸಿ ತಿಳಿಯಬಹುದು. ನಿಮ್ಮ ಡಾಕ್ಟರ ಹತ್ತಿರ ಕಿಟಕಿಯ ವಿಷಯ ಹೇಳಿದೆಯಾ? ಕಾಗದ ನೋಡಿದರೆ ಹೇಳಿಲ್ಲ ಅನ್ನಿಸುತ್ತದೆ. ಬೈಯುತ್ತಾರೆ ಅಂತ ಹೆದರಿದ್ದೀಯ, ಅಲ್ವಾ?

ಆ ಹೆದರಿಕೆ ನನಗೆ ಗೊತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

1983ರ ಕಥೆ ನಿನಗೆ ಗೊತ್ತೇ ಇದೆ, ನನ್ನ ಬಸಿರು ಐದು ತಿಂಗಳಿಗೆ ಹೋದದ್ದು. ಅದನ್ನು ಮತ್ತೆ ಹೇಳುವುದಿಲ್ಲ. ಆದರೆ ಒಂದು ವಿಷಯ ನಿಮ್ಮಮ್ಮನಿಗೂ ಗೊತ್ತಿಲ್ಲ. ಅದಕ್ಕೆ ಎರಡು ತಿಂಗಳು ಮೊದಲು ಅಟ್ಟದ ಮೇಲಿನ ಭತ್ತದ ಚೀಲಗಳಿಗೆ ಹುಳು ಬಿದ್ದಿತ್ತು. ಮನೆಯಲ್ಲಿ ಬಿಎಚ್‌ಸಿ ಅನ್ನುವ ಹುಳ ಕೊಲ್ಲುವ ಪುಡಿಯ ಪೊಟ್ಟಣ ಇತ್ತು. ಆಗ ಎಲ್ಲರ ಮನೆಯಲ್ಲೂ ಇರುತ್ತಿತ್ತು, ಗದ್ದೆಗೂ ಅದೇ, ಇರುವೆಗೂ ಅದೇ. ನಾನು ಅದನ್ನು ಹಳೇ ಬನಿಯನ್ ಬಟ್ಟೆಯಲ್ಲಿ ಗಂಟು ಕಟ್ಟಿ, ಚೀಲದ ಸುತ್ತ ತಟ್ಟಿ ತಟ್ಟಿ ಉದುರಿಸಿದೆ. ಅಟ್ಟಕ್ಕೆ ಒಂದೇ ಗವಾಕ್ಷಿ. ಅದರಿಂದ ಬರುವ ಬಿಸಿಲಿನಲ್ಲಿ ಬಿಳಿ ಧೂಳು ನಿಂತೇ ಇತ್ತು, ಇಳಿಯಲಿಲ್ಲ. ಆ ಮುಗ್ಗಲು ವಾಸನೆ ಮೂರು ದಿನ ನನ್ನ ಸೆರಗಿನಲ್ಲಿತ್ತು. ಹೈಸ್ಕೂಲಿನಲ್ಲಿ ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದವಳು ನಾನು. ಪೊಟ್ಟಣದ ಮೇಲೆ ಏನು ಬರೆದಿದೆ ಅಂತ ಓದಲಿಲ್ಲ.

ಆಸ್ಪತ್ರೆಯಲ್ಲಿ ಕಾರಣ ಹೇಳಲಾಗುವುದಿಲ್ಲ ಅಂದರು. ನಾನು ಪುಡಿಯ ಮಾತೆತ್ತಲಿಲ್ಲ. ಯಾರ ಹತ್ತಿರವೂ ಎತ್ತಲಿಲ್ಲ. 1997ರಲ್ಲಿ ಅದನ್ನು ನಿಷೇಧಿಸಿದರು ಅಂತ ತಿಳಿದ ದಿನ ಹಿತ್ತಲಿಗೆ ಹೋಗಿ ಅತ್ತೆ. ಅದರಿಂದಲೇ ಆಯಿತಾ? ಇವತ್ತಿಗೂ ಗೊತ್ತಿಲ್ಲ. ಕೇಳಿದ್ದರೆ ಯಾರಾದರೂ ‘ಅದರಿಂದಲೇ ಅಂತ ಹೇಳೋಕೆ ಆಗಲ್ಲಮ್ಮ’ ಅಂತಲಾದರೂ ಹೇಳುತ್ತಿದ್ದರೋ ಏನೋ. ನಾನು ಕೇಳಲಿಲ್ಲ. ಇಷ್ಟು ವರ್ಷ ಒಬ್ಬಳೇ ಹೊತ್ತುಕೊಂಡೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ನಿಮ್ಮ ದೊಡ್ಡಪ್ಪನ ತಂಗಿಗೆ ಹಾಗೇ ಆದಾಗ, ಎಲ್ಲ ತಿಳಿದ ನಾನೇ ಅವಳನ್ನು ‘ಏನು ತಿಂದೆ, ಎಲ್ಲಿ ಹೋಗಿದ್ದೆ’ ಅಂತ ಕೇಳಿಬಿಟ್ಟೆ. ಅವಳು ಮುಖ ತಿರುಗಿಸಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಆ ಪ್ರಶ್ನೆಯನ್ನು ಈಗ ನೀನು ನಿನಗೇ ಕೇಳಿಕೊಳ್ಳುತ್ತಿದ್ದೀಯ.

ನಿನ್ನೆ ಇಲ್ಲಿನ ಡಾಕ್ಟರಮ್ಮನ ಹತ್ತಿರ ಹೋಗಿದ್ದೆ. ನಿನ್ನ ಹೆಸರು ಹೇಳಲಿಲ್ಲ. ಒಂದು ಡೆಸಿಲೀಟರ್ ರಕ್ತದಲ್ಲಿ 5 ಮೈಕ್ರೋಗ್ರಾಂ ಅಥವಾ ಜಾಸ್ತಿ ಸೀಸ ಇದ್ದರೆ ಎಲ್ಲಿಂದ ಬಂತು ಅಂತ ಹುಡುಕಿ ನಿಲ್ಲಿಸಬೇಕು, ಸುಣ್ಣದ ಅಂಶ ಕಡಿಮೆ ತಿನ್ನುವ ಬಸುರಿಯರಿಗೆ ಕ್ಯಾಲ್ಸಿಯಂ ಮಾತ್ರೆ ಕೊಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆಯಂತೆ. ಸೀಸಕ್ಕೆ ಇಷ್ಟು ಇದ್ದರೆ ಪರವಾಗಿಲ್ಲ ಅನ್ನುವ ಅಳತೆಯೇ ಇಲ್ಲ, ಅದೂ ನಿಜ. ಆದರೆ ರಕ್ತದಲ್ಲಿರುವುದು, ಮತ್ತೆ ಒಳಗೆ ಹೋಗದಿದ್ದರೆ, ತಿಂಗಳು ಕಳೆದಂತೆ ಇಳಿಯುತ್ತದೆ. ಮೂಳೆ ಸೇರಿದ್ದು ವರ್ಷಗಟ್ಟಲೆ ಕೂತಿರುತ್ತದೆ. ತಾಯಿಯ ಊಟದಲ್ಲಿ ಸುಣ್ಣದ ಅಂಶ ಸಾಲದೆ ಹೋದರೆ ಮಗುವಿಗಾಗಿ ಮೂಳೆ ಕರಗುತ್ತದೆ, ಅದರ ಜೊತೆ ಸೀಸವೂ ಹೊರಗೆ ಬರುತ್ತದೆ. ಮಾತ್ರೆ ತಿಂದರೆ ವಾಕರಿಕೆ ಅಂತ ಬಿಟ್ಟಿದ್ದೀಯಂತೆ. ಬಿಡಬೇಡ. ರಾಗಿ ತಿನ್ನು. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಜಾಸ್ತಿ ಕ್ಯಾಲ್ಸಿಯಂ ಇದೆ. ಅಂಬಲಿ ಮಾಡಿಕೊಂಡರೆ ವಾಂತಿಗೂ ತಡೆಯಬಹುದು, ನನಗೆ ತಡೆದಿತ್ತು.

ಉಳಿದ ಕಿಟಕಿ ಮುಟ್ಟಬೇಡ. ಒಣ ಪೊರಕೆ ಹಾಕಿದರೆ ಧೂಳು ಮತ್ತೆ ಏಳುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಆ ಕೆಲಸವನ್ನು ಅಳಿಯಂದಿರು ಮಾಡಲಿ. ಬಣ್ಣ ಕೆರೆದ ದಿನ ಉಟ್ಟಿದ್ದ ಬಟ್ಟೆ ಇನ್ನೂ ಬಕೆಟ್ಟಿನಲ್ಲಿದ್ದರೆ ಬೇರೆಯಾಗಿ ಒಗೆಯಲಿ. ಊಟಕ್ಕೆ ಕೂರುವ ಮೊದಲು ಕೈ ತೊಳೆದುಕೋ.

ನಿನಗೆ ಇದೆಲ್ಲ ಗೊತ್ತಿರಬಹುದು, ಆದರೂ ಹೇಳುತ್ತೇನೆ. ಅಂಗಡಿಯ ಅರಿಶಿನ ಪುಡಿ ಬೇಡ. ಹಳದಿ ಹೊಳೆಯಲಿ ಅಂತ ಲೆಡ್ ಕ್ರೋಮೇಟ್ ಅನ್ನುವ ಸೀಸದ ಬಣ್ಣ ಬೆರೆಸುವವರಿದ್ದಾರೆ. ಬಸ್ಸಿನಲ್ಲಿ ಅರಿಶಿನದ ಕೊಂಬು ಕಳಿಸುತ್ತೇನೆ, ಪುಡಿ ಮಾಡಿಸಿಕೋ. ಸೀಮಂತದ ದಿನ ಬಂದವರೆಲ್ಲ ಹಣೆಗೆ, ಕೆನ್ನೆಗೆ ಹಚ್ಚುತ್ತಾರೆ. ಕೆಲವು ಕಡೆಯ ಕುಂಕುಮ, ಸಿಂಧೂರ, ಸುರ್ಮಾದಲ್ಲೂ ಸೀಸ ಇರುತ್ತದೆ. ತಟ್ಟೆಗೆ ನಮ್ಮ ಮನೆಯ ಕುಂಕುಮವನ್ನೇ ಇಡೋಣ, ನಾನೇ ತರುತ್ತೇನೆ, ನೀನು ಯಾರಿಗೂ ಬೇಡ ಅನ್ನಬೇಕಾಗಿಲ್ಲ. ಜಿರಳೆಗೆ ಸ್ಪ್ರೇ ಹೊಡೆಯಬೇಡ. ಸೊಳ್ಳೆಬತ್ತಿ ಬಿಟ್ಟು ಪರದೆ ಕಟ್ಟಿಕೊಳ್ಳಿ. ಹೋಟೆಲಿನ ಬಿಸಿ ಸಾಂಬಾರನ್ನು ಪ್ಲಾಸ್ಟಿಕ್ ಕವರಿನಲ್ಲಿ ತರಿಸದೆ ಸ್ಟೀಲ್ ಡಬ್ಬಿ ಕಳಿಸು. ಜಾಸ್ತಿ ಆಯಿತಾ? ಒಂದೆರಡು ಆಗದಿದ್ದರೆ ಬಿಡು, ಅದಕ್ಕೂ ಹೆದರುತ್ತಾ ಕೂರಬೇಡ. ಕಿಟಕಿಯದ್ದೊಂದು ಮಾತ್ರ ಬಿಡಬೇಡ.

ಮತ್ತೆ ನಿನ್ನ ಆ ಸಾಲಿಗೇ ಬರುತ್ತೇನೆ. ‘ನಾನೇ ಉಣಿಸಿದೆನಾ’ ಅಂತ ಕೇಳಿದ್ದೀಯ. ಮನೆ ಬಣ್ಣಕ್ಕೆ ಸೀಸ ಹಾಕುವುದನ್ನು ಅಮೆರಿಕದಲ್ಲಿ 1978ರಲ್ಲೇ ನಿಲ್ಲಿಸಿದರು. ಇಲ್ಲಿ ನಿಯಮ ಬರಲು ಇನ್ನೂ 39 ವರ್ಷ ಹಿಡಿಯಿತು. ಅಷ್ಟು ವರ್ಷ ಆ ಡಬ್ಬ ತಯಾರಿಸಿದವರು, ಮಾರಿದವರು, ಸುಮ್ಮನಿದ್ದವರು ಇದ್ದಾರೆ. ಬರುವ ದಿನಗಳಿಗೆ ಮನೆ ಬೆಳಕಾಗಲಿ ಅಂತ ಕಿಟಕಿ ಉಜ್ಜಿದವಳು ನೀನು. ತಪ್ಪು ನಿನ್ನದಲ್ಲ ಪುಟ್ಟಿ. ನನಗೆ ಇದನ್ನು ಹೇಳುವವರು ಇರಲಿಲ್ಲ, ಯಾಕೆಂದರೆ ನಾನು ಯಾರಿಗೂ ಹೇಳಿರಲೇ ಇಲ್ಲ.

ಸೋಮವಾರ ಡಾಕ್ಟರ ಹತ್ತಿರ ಹೋಗು. ಅಳಿಯಂದಿರನ್ನೂ ಕರೆದುಕೊಂಡು ಹೋಗು, ಅವರಿಗೂ ಎಲ್ಲ ಹೇಳು. ಒಬ್ಬಳಿಗೇ ಬಾಯಿ ಬರದಿದ್ದರೆ ಅಲ್ಲಿ ಕೂತು ನನಗೆ ಫೋನ್ ಮಾಡು, ನಾನೇ ಡಾಕ್ಟರ ಹತ್ತಿರ ಮಾತಾಡುತ್ತೇನೆ. ರಿಪೋರ್ಟ್ ಎಷ್ಟು ಹೊತ್ತಿಗೆ ಬಂದರೂ ತಿಳಿಸು. ರಾತ್ರಿಯಾದರೂ ಪರವಾಗಿಲ್ಲ, ಫೋನನ್ನು ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡಿರುತ್ತೇನೆ.

ಪುಡಿಯ ವಿಷಯ ನಿಮ್ಮಮ್ಮನಿಗೆ ನೀನು ಹೇಳಬೇಡ. ಮುಂದಿನ ವಾರ ಬರುತ್ತಾಳಲ್ಲ, ನಾನೇ ಹೇಳುತ್ತೇನೆ.

ನಿನ್ನ
ದೊಡ್ಡಮ್ಮ